"ಜೀನೋಮ್ ಆದ ನೇರಳೆ ಗಿಡ" ಅಂತ ಮಾರುತ್ತಿದ್ದಾರೆ, ತಗೊಳ್ಳಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಚಿಂತಾಮಣಿ ಕಡೆ ಹಳ್ಳಿ. ಬೋರ್‌ವೆಲ್ ನೀರು ಕಮ್ಮಿ ಆಗಿದೆ, ಟೊಮೆಟೊ ಬಿಟ್ಟು ಒಂದು ಎಕರೆಗೆ ನೇರಳೆ ಹಾಕೋಣ ಅಂತಿದ್ದೀವಿ. ಒಂದು ನರ್ಸರಿಯವರು "ಇದು ಜೀನೋಮ್ ಸೀಕ್ವೆನ್ಸಿಂಗ್ ಆದ ಗಿಡ, ಶುಗರ್ ಇರೋರಿಗೆ ಅಂತಲೇ ಬಂದಿರೋ ತಳಿ, ಆಂಟಿಆಕ್ಸಿಡೆಂಟ್ ಮೂರು ಪಟ್ಟು ಜಾಸ್ತಿ" ಅಂತ ಹೇಳಿ ಸಸಿಗೆ 450 ರೂಪಾಯಿ ಕೇಳ್ತಿದ್ದಾರೆ. ಮಾಮೂಲಿ ಕಸಿ ಗಿಡ 120ಕ್ಕೆ ಸಿಗುತ್ತೆ. ತಳಿ ಮೇಲೆ ಅವರಿಗೆ ಹಕ್ಕಿದೆಯಂತೆ, ಕಸಿ ಕಟ್ಟುವ ಕಡ್ಡಿ ಯಾರಿಗೂ ಕೊಡಬಾರದಂತೆ. ನಮ್ಮ ಭಾವ ಇದು ಕುಲಾಂತರಿ ಗಿಡ, ಹೊಲಕ್ಕೇ ತರಬೇಡ ಅಂತಾರೆ. ಇನ್ನೊಂದು ವಿಷಯ. ಅಮ್ಮನಿಗೆ 12 ವರ್ಷದಿಂದ ಶುಗರ್. ವಿಜ್ಞಾನಿಗಳೇ ಒಪ್ಪಿದ್ದಾರೆ ಅಂತ ಯಾರೋ ಹೇಳಿದ್ದಕ್ಕೆ ನೇರಳೆ ಬೀಜದ ಪುಡಿ ದಿನಾ ಎರಡು ಚಮಚ ತಗೊಂಡು, ರಾತ್ರಿ ಮಾತ್ರೆ ಬಿಟ್ಟಿದ್ದಾರೆ. ಬಾವಿ ಪಕ್ಕ ತಾತನ ಕಾಲದ ನೇರಳೆ ಮರ ಇದೆ, ಹಣ್ಣು ದಪ್ಪ, ಒಗರು ಕಮ್ಮಿ. ಅದರ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಏನಾದರೂ ಗೊತ್ತಾಗುತ್ತಾ?

ಉತ್ತರ: ಮೊದಲು ಅಮ್ಮನ ವಿಷಯ, ಗಿಡ ಆಮೇಲೆ.

ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ. ರಾತ್ರಿ ಮಾತ್ರೆ ಬಿಟ್ಟಿರೋದನ್ನೂ, ಪುಡಿ ತಗೊಳ್ಳುತ್ತಿರೋದನ್ನೂ ಎರಡನ್ನೂ ಹೇಳಿ. ಮಾತ್ರೆ ಮತ್ತೆ ಹೇಗೆ ಶುರು ಮಾಡಬೇಕು ಅನ್ನೋದು ಅವರೇ ಹೇಳಲಿ. ನಾನು ಹಣ್ಣಿನ ಗಿಡಗಳ ತಳಿ ಮತ್ತು ಜೀನ್‌ಗಳ ಮೇಲೆ ಕೆಲಸ ಮಾಡುವವಳು, ವೈದ್ಯಳಲ್ಲ. ಆದರೆ ನೇರಳೆಯ ಜೀನೋಮ್ (ಗಿಡದ ಡಿಎನ್‌ಎಯ ಪೂರ್ತಿ ಬರಹ) ಓದಿದ ಸುದ್ದಿ ಯಾರ ಮಾತ್ರೆ ನಿಲ್ಲಿಸುವುದಕ್ಕೂ ಆಧಾರ ಅಲ್ಲ ಅಂತ ನನ್ನ ಕ್ಷೇತ್ರದಲ್ಲೇ ನಿಂತು ಖಂಡಿತವಾಗಿ ಹೇಳಬಲ್ಲೆ. ಆ ಅಧ್ಯಯನದಲ್ಲಿ ರೋಗಿಗಳೇ ಇರಲಿಲ್ಲ. ಇದ್ದದ್ದು ಎಲೆ, ಅದರಿಂದ ತೆಗೆದ ಡಿಎನ್‌ಎ, ಆಮೇಲೆ ಕಂಪ್ಯೂಟರ್.

ಮನುಷ್ಯರ ಮೇಲೆ ಬೇರೆ ಕಡೆ ನೋಡಿದ್ದಾರೆ. ಬ್ರೆಜಿಲ್‌ನಲ್ಲಿ ನಮ್ಮ ನೇರಳೆ ಮರ ಬೇಕಾದಷ್ಟಿದೆ, ಅಲ್ಲಿಯವರೂ ಶುಗರ್‌ಗೆ ಅಂತ ಅದರ ಎಲೆಯ ಕಷಾಯ ಕುಡಿಯುತ್ತಾರೆ. ಪೋರ್ಟೊ ಅಲೆಗ್ರೆಯ ಸಂಶೋಧಕರು ಒಂದು ಗುಂಪಿಗೆ ಈ ಕಷಾಯ, ಇನ್ನೊಂದಕ್ಕೆ ಶುಗರ್‌ನ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಕೊಟ್ಟು ಹೋಲಿಸಿ 2006ರಲ್ಲಿ ಪ್ರಕಟಿಸಿದರು. ಮಾತ್ರೆ ತಗೊಂಡವರ ಸಕ್ಕರೆ ಇಳಿಯಿತು. ಕಷಾಯ ಕುಡಿದವರದು ಇಳಿಯಲಿಲ್ಲ. ಅದು ಎಲೆ, ನಮ್ಮದು ಬೀಜ, ಒಪ್ಪುತ್ತೇನೆ. ಬೀಜದ ಪುಡಿಯ ಮೇಲೂ ಚಿಕ್ಕ ಚಿಕ್ಕ ಅಧ್ಯಯನಗಳು ಆಗಿವೆ, ಕೆಲವುದರಲ್ಲಿ ಸ್ವಲ್ಪ ಇಳಿಕೆ ಕಂಡಿದೆ. ಆದರೆ ಮಾತ್ರೆಯ ಜಾಗದಲ್ಲಿ ಪುಡಿ ಇಡಬಹುದು ಅನ್ನುವಷ್ಟು ಗಟ್ಟಿ ಪುರಾವೆ ಯಾವುದರಲ್ಲೂ ಇಲ್ಲ.

ಪುಡಿಯಿಂದ ಏನೂ ಆಗಲ್ಲ ಅಂದುಕೊಳ್ಳುವುದೂ ಬೇಡ. ಮಾತ್ರೆ ಜೊತೆಗೇ ಪುಡಿಯನ್ನೂ ಜಾಸ್ತಿ ತಗೊಂಡಾಗ ಕೆಲವರಿಗೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಹೋಗಬಹುದು. ಕೈ ನಡುಗುವುದು, ಬೆವರುವುದು, ತಲೆ ಸುತ್ತುವುದು ಅದರ ಗುರುತು. ಹೀಗಾಗಿ ಡಾಕ್ಟರಿಗೆ ಗೊತ್ತಿರಲೇಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಇಷ್ಟು ದಿನದ ಪರಿಣಾಮ ಏನು ಅಂತ ಗೊತ್ತಾಗುತ್ತದೆ. ಸೀಸನ್‌ನಲ್ಲಿ ಒಂದು ಹಿಡಿ ನೇರಳೆ ಹಣ್ಣು ತಿನ್ನುವುದಕ್ಕೆ ಸಾಮಾನ್ಯವಾಗಿ ಡಾಕ್ಟರುಗಳು ಬೇಡ ಅನ್ನುವುದಿಲ್ಲ. ಅಮ್ಮನ ಖುಷಿ ಕಿತ್ತುಕೊಳ್ಳಬೇಕಾಗಿಲ್ಲ.

ಇನ್ನು ಜೀನೋಮ್. ನಿಮ್ಮ ನರ್ಸರಿಯವರು ಹೇಳಿದ್ದರಲ್ಲಿ ಒಂದು ಎಳೆ ನಿಜ ಇದೆ, ಅದಕ್ಕೇ ಇದು ನಂಬುವ ಹಾಗಿದೆ. ಭೋಪಾಲ್‌ನ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ (ಐಸರ್) ವಿನೀತ್ ಶರ್ಮಾ ಅವರ ತಂಡ ನೇರಳೆಯ ಪೂರ್ತಿ ಜೀನೋಮ್ ಓದಿ 2023ರಲ್ಲಿ ಪ್ರಕಟಿಸಿತು. ಲೋಳೆಸರ, ಅಮೃತಬಳ್ಳಿ, ಅರಿಶಿನದ ಜೀನೋಮ್‌ಗಳನ್ನು ಓದಿದ್ದೂ ಇದೇ ತಂಡ. ನಮ್ಮ ಬೆಂಗಳೂರಿನ ವಿಜ್ಞಾನಿಗಳೂ ಬೇವು, ತುಳಸಿಯ ಜೀನೋಮ್ ಓದಿದ್ದಾರೆ. ಇದೆಲ್ಲ ಹೆಮ್ಮೆಪಡುವ ಕೆಲಸ, ನಾನಂತೂ ಪ್ರತಿ ಸಲ ಖುಷಿಪಟ್ಟು ಓದುತ್ತೇನೆ.

ಆದರೆ ಓದಿದ್ದು ಅಂದರೆ ಓದಿದ್ದು, ಅಷ್ಟೇ. ಜೀವಕೋಶದೊಳಗಿನ ಡಿಎನ್‌ಎಯಲ್ಲಿ ನಾಲ್ಕೇ ನಾಲ್ಕು ಅಕ್ಷರಗಳು ಸಾಲಾಗಿ ಬರುತ್ತವೆ. ನೇರಳೆಯಲ್ಲಿ ಜೋಡಿಸಿಟ್ಟ ಸಾಲು ಸುಮಾರು 71 ಕೋಟಿ ಅಕ್ಷರ, ಅದರಲ್ಲಿ ಗುರುತಿಸಿದ ಜೀನ್‌ಗಳು 61 ಸಾವಿರದ ಚಿಲ್ಲರೆ. ಮನುಷ್ಯನಿಗೆ ಇರುವುದು ಸುಮಾರು 20 ಸಾವಿರ. ಇದನ್ನು ಕೇಳಿದ ತಕ್ಷಣ "ನೋಡಿ, ನಮಗಿಂತ ಮೂರು ಪಟ್ಟು ಜಾಸ್ತಿ ಶಕ್ತಿ" ಅಂತ ಶುರು ಮಾಡುತ್ತಾರೆ. ನಿಮ್ಮ ನರ್ಸರಿಯವರ "ಮೂರು ಪಟ್ಟು" ಇಲ್ಲಿಂದಲೇ ಬಂದಿದ್ದರೂ ನನಗೆ ಆಶ್ಚರ್ಯ ಆಗುವುದಿಲ್ಲ. ಜೀನ್ ಜಾಸ್ತಿ ಇರುವುದಕ್ಕೆ ಕಾರಣ ಬೇರೆ. ನೇರಳೆಯ ಪೂರ್ವಜರಲ್ಲಿ ಯಾವಾಗಲೋ ಇಡೀ ಜೀನೋಮ್ ನಕಲಾಗಿ ಕಂತೆ ಕಂತೆಯಾಗಿ ಉಳಿದುಕೊಂಡಿದೆ. ಗಿಡಗಳಲ್ಲಿ ಇದು ಅಪರೂಪ ಏನಲ್ಲ. ನಕಲಾದ ಜೀನ್‌ಗಳಲ್ಲಿ ಒಂದು ಹಳೆಯ ಕೆಲಸ ಮಾಡಿಕೊಂಡು ಹೋದರೆ ಇನ್ನೊಂದು ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಬದಲಾಗಿ ಹೊಸ ಕೆಲಸ ಕಲಿಯಬಹುದು. ಒಗರು, ಬಣ್ಣ, ವಾಸನೆ ಕೊಡುವ ರಾಸಾಯನಿಕಗಳನ್ನು ತಯಾರಿಸುವ ಜೀನ್‌ಗಳು ನೇರಳೆಯಲ್ಲಿ ಹೀಗೆ ಬದಲಾದ ಗುರುತುಗಳಿವೆ ಅನ್ನುವುದೇ ಆ ಅಧ್ಯಯನದ ಮುಖ್ಯ ಮಾತು. ಲವಂಗ ನೇರಳೆಗೆ ದಾಯಾದಿ, ಸೀಬೆ ಮತ್ತು ನೀಲಗಿರಿ ದೂರದ ನೆಂಟರು. ನೇರಳೆ ಎಲೆ ಹಿಸುಕಿ ಮೂಸಿದರೆ ಬರುವ ಘಾಟು ವಾಸನೆಯಲ್ಲಿ ಆ ನೆಂಟಸ್ತಿಕೆ ಗೊತ್ತಾಗುತ್ತದೆ.

ಲ್ಯಾಬ್‌ನಲ್ಲಿ ಇದು ಹೇಗಿರುತ್ತೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಆಂಟಿಆಕ್ಸಿಡೆಂಟ್ ವಿಷಯವೂ ಅಲ್ಲೇ ಬರುತ್ತೆ. ಎಳೆ ಎಲೆ ತಂದು ದ್ರವ ಸಾರಜನಕ ಸುರಿದು ಕುಟ್ಟಿ ಪುಡಿ ಮಾಡುತ್ತೇವೆ. ಮಾಮೂಲಿ ಗಿಡವಾದರೆ ಡಿಎನ್‌ಎ ಕೊನೆಗೆ ಬೆಳ್ಳಗೆ ಹತ್ತಿಯ ಎಳೆಯಂತೆ ತೇಲಿ ಬರುತ್ತದೆ. ನೇರಳೆಯಲ್ಲಿ ಸುಲಭಕ್ಕೆ ಬರುವುದಿಲ್ಲ. ಎಲೆಯ ತುಂಬ ಟ್ಯಾನಿನ್ ಅನ್ನುವ ಒಗರು ವಸ್ತು ಮತ್ತು ಅದರ ಬಳಗ, ಗಾಳಿ ಸೋಕಿದ್ದೇ ತಡ ಕಂದುಬಣ್ಣಕ್ಕೆ ತಿರುಗಿ ಡಿಎನ್‌ಎಗೆ ಅಂಟಿಕೊಂಡು ಬಿಡುತ್ತವೆ, ಟ್ಯೂಬಿನ ತಳದಲ್ಲಿ ಜಿಗುಟು ಕಂದು ಮುದ್ದೆ ಕೂರುತ್ತದೆ, ಅದನ್ನು ಇಟ್ಟುಕೊಂಡು ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ. ಅದನ್ನು ಹೀರಿಕೊಳ್ಳಲಿ ಅಂತ ಪಿವಿಪಿ ಅನ್ನುವ ಪುಡಿ ಹಾಕುತ್ತೇವೆ, ಎಳೆಯ ಚಿಗುರೇ ಆರಿಸುತ್ತೇವೆ. ಹೊರಗೆ ಜನ ಆಂಟಿಆಕ್ಸಿಡೆಂಟ್ ಅಂತ ಹೊಗಳುವ ವಸ್ತುಗಳು ಇವೇ. ಲ್ಯಾಬ್‌ನಲ್ಲಿ ಇವನ್ನು ತೆಗೆದುಹಾಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಗಿಡ ಇವನ್ನು ತಯಾರಿಸುವುದು ತನಗೋಸ್ಕರ. ಕಾಯಿ ಒಗರಾಗಿದ್ದರೆ ಬೀಜ ಬಲಿಯುವ ಮುಂಚೆ ಯಾರೂ ತಿನ್ನುವುದಿಲ್ಲ. ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದಲೇ ನೇರಳೆ ತಿಂದಾಗ ನಾಲಿಗೆ ಎಳೆದ ಹಾಗಾಗುವುದು. ಹಣ್ಣಿನ ಬಣ್ಣ ಆಂಥೋಸಯನಿನ್‌ನದು, ಅದು ಹಣ್ಣು ಮಾಗುವಾಗ ಸಿಪ್ಪೆಯಲ್ಲಿ ತುಂಬಿಕೊಳ್ಳುತ್ತದೆ. ಬಟ್ಟೆಗೆ ಬಿದ್ದ ನೇರಳೆ ಕಲೆಗೆ ನಿಂಬೆಹುಳಿ ಹಿಂಡಿ ನೋಡಿ, ಕೆಂಪಾಗುತ್ತದೆ. ಸೋಪು ಹಚ್ಚಿದರೆ ನೀಲಿಗೆ ತಿರುಗುತ್ತದೆ. ಇಷ್ಟು ಬೇಗ ಬದಲಾಗುವ ವಸ್ತು ಹೊಟ್ಟೆಗೆ ಹೋದ ಮೇಲೆ ಹಾಗೇ ಇರುತ್ತದೆಯೇ? ಇರುವುದಿಲ್ಲ. ರಕ್ತಕ್ಕೆ ಸೇರುವುದು ಸ್ವಲ್ಪವೇ ಸ್ವಲ್ಪ. ಬಹುಪಾಲು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಬೇರೆ ಬೇರೆ ತುಂಡುಗಳಾಗುತ್ತದೆ. ಅದರಿಂದಲೂ ಒಳ್ಳೆಯದಾಗಬಹುದು, ಆದರೆ ಟ್ಯೂಬಿನಲ್ಲಿ ಅಳೆದ ಸಂಖ್ಯೆ ನೋಡಿ ದೇಹದೊಳಗೆ ಏನಾಗುತ್ತದೆ ಅಂತ ಹೇಳಲು ಆಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಪಟ್ಟಿಯೊಂದನ್ನು ತನ್ನ ವೆಬ್‌ಸೈಟಿನಲ್ಲಿ ಇಟ್ಟಿತ್ತು. ಕಂಪನಿಗಳು ಆ ಅಂಕ ತೋರಿಸಿಯೇ ಮಾಲು ಮಾರಲು ಶುರು ಮಾಡಿದವು. ಆ ಸಂಖ್ಯೆಗಳಿಗೂ ಮನುಷ್ಯರ ಆರೋಗ್ಯಕ್ಕೂ ನೇರ ಸಂಬಂಧ ತೋರಿಸಲು ಆಗುತ್ತಿಲ್ಲ ಅಂತ ಇಲಾಖೆ 2012ರಲ್ಲಿ ಪಟ್ಟಿಯನ್ನೇ ತೆಗೆದುಹಾಕಿತು. "ಮೂರು ಪಟ್ಟು" ಅನ್ನುವವರನ್ನು ಯಾವ ಹಣ್ಣಿಗಿಂತ, ಯಾವ ತೋಟದ್ದು, ಯಾವ ಹಂತದಲ್ಲಿ ಕಿತ್ತದ್ದು, ಯಾವ ಲ್ಯಾಬ್‌ನ ವರದಿ ಅಂತ ಕೇಳಿ. ಒಂದೇ ಮರದ ಹಣ್ಣಲ್ಲೇ ಬಿಸಿಲಿಗೆ ಬಿದ್ದ ಕೊಂಬೆಯದು ಒಂದು ಥರ, ನೆರಳಿನದು ಒಂದು ಥರ ಇರುತ್ತದೆ.

ಜೀನೋಮ್ ಒಂದೇ ಇದ್ದರೂ ಹೀಗೆ ವ್ಯತ್ಯಾಸ ಯಾಕೆ? ಅಡುಗೆಮನೆಯಲ್ಲಿ ಏನೇನು ಪಾತ್ರೆ ಇದೆ ಅಂತ ಪಟ್ಟಿ ಮಾಡಿದರೆ ಇವತ್ತು ಏನು ಬೇಯಿಸಿದ್ದಾರೆ, ಉಪ್ಪು ಎಷ್ಟು ಬಿದ್ದಿದೆ ಅಂತ ಗೊತ್ತಾಗುವುದಿಲ್ಲ ಅಲ್ವಾ, ಹಾಗೆ. ಎಲೆಯಲ್ಲೂ ಬೀಜದಲ್ಲೂ ತಿರುಳಿನಲ್ಲೂ ಇರುವುದು ಅದೇ ಮರದ ಜೀನ್‌ಗಳು. ಯಾವುದು ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ಬಿಸಿಲು, ನೀರು, ಮಣ್ಣು, ಹಣ್ಣಿನ ವಯಸ್ಸು ಎಲ್ಲ ಸೇರಿ ತೀರ್ಮಾನಿಸುತ್ತವೆ.

ನಿಮ್ಮ ಭಾವನವರ ಭಯಕ್ಕೆ ಬರೋಣ. ಇದು ಕುಲಾಂತರಿ ಅಲ್ಲ. ಡಿಎನ್‌ಎ ಓದುವುದು ಬೇರೆ, ಹೊರಗಿನ ಜೀನ್ ತಂದು ಗಿಡದೊಳಗೆ ಸೇರಿಸುವುದು ಬೇರೆ. ಭೋಪಾಲ್‌ನವರು ಓದಿದ್ದು ಒಂದು ಮರವನ್ನು, ಆ ಮರಕ್ಕೆ ಎಲೆ ಕಿತ್ತದ್ದು ಬಿಟ್ಟರೆ ಏನೂ ಮಾಡಿಲ್ಲ. ನಮ್ಮ ದೇಶದಲ್ಲಿ ಅನುಮತಿ ಪಡೆದು ವ್ಯಾಪಾರಕ್ಕೆ ಬೆಳೆಯುತ್ತಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಒಂದೇ. ಬಿಟಿ ಬದನೆಗೆ 2010ರಲ್ಲೇ ತಡೆ ಬಿತ್ತು. ಕುಲಾಂತರಿ ನೇರಳೆ ಅಂತ ಮಾರುಕಟ್ಟೆಯಲ್ಲಿ ಇಲ್ಲ. ಭಾವನವರಿಗೆ ಧೈರ್ಯ ಹೇಳಿ. ಆದರೆ ಅವರ ಅನುಮಾನ ಪೂರ್ತಿ ತಪ್ಪು ದಾರಿಯದೇನಲ್ಲ, ಗಿಡ ಕೊಳ್ಳುವಾಗ ಪ್ರಶ್ನೆ ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಹಾಗಾದರೆ "ಜೀನೋಮ್ ಆದ ಗಿಡ" ಅಂದರೆ ಏನು? ಏನೂ ಇಲ್ಲ. ಓದಿದ ಮಾಹಿತಿ ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ಡೇಟಾಬೇಸ್‌ನಲ್ಲಿದೆ. ಅದರಿಂದ ಶುಗರ್‌ಗೆ ಅಂತ ಹೊಸ ತಳಿ ಹುಟ್ಟಿಲ್ಲ. ಹುಟ್ಟಬೇಕು ಅಂದರೂ, ನೂರಾರು ಮರಗಳ ಡಿಎನ್‌ಎ ಮತ್ತು ಹಣ್ಣಿನ ಗುಣ ಎರಡನ್ನೂ ಹೋಲಿಸಿ, ಯಾವ ಜೀನ್ ಯಾವ ಗುಣಕ್ಕೆ ಅಂತ ಹಿಡಿದು, ಅವನ್ನು ಅಡ್ಡತಳಿ ಮಾಡಿ, ಆ ಸಸಿಗಳು ಫಸಲಿಗೆ ಬರುವ ತನಕ ಕಾಯಬೇಕು. ಬೀಜದ ನೇರಳೆ ಹಣ್ಣು ಬಿಡುವುದಕ್ಕೆ ಎಂಟು ಹತ್ತು ವರ್ಷ ಬೇಕು. 2023ರ ಅಧ್ಯಯನದಿಂದ ಇಷ್ಟರೊಳಗೆ ನರ್ಸರಿಗೆ ಗಿಡ ಬರುವುದಕ್ಕೆ ದಾರಿಯೇ ಇಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ವರ್ಷಗಟ್ಟಲೆ ಕೂತು ಮಾಡಿದ ಒಳ್ಳೆಯ ಕೆಲಸದ ಹೆಸರು ಹೇಳಿ, ನೀರಿಲ್ಲದೆ ಬೆಳೆ ಬದಲಿಸಲು ಹೊರಟ ರೈತನ ಜೇಬಿಗೆ ಕೈ ಹಾಕುವುದು ಸರಿಯಲ್ಲ. ಲೆಕ್ಕ ಹಾಕಿ ನೋಡಿ: 8 ಮೀಟರ್ ಅಂತರಕ್ಕೆ ಎಕರೆಗೆ ಸುಮಾರು 60 ಗಿಡ, ಗಿಡಕ್ಕೆ 330 ರೂಪಾಯಿ ಜಾಸ್ತಿ ಅಂದರೆ 20 ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಡ್ರಿಪ್ ಪೈಪು ಎಷ್ಟು ದೂರ ಎಳೆಯಬಹುದು!

ಹಕ್ಕಿನ ಮಾತನ್ನೂ ಸುಮ್ನೆ ನಂಬಬೇಡಿ. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಕಲಂ ಪ್ರಕಾರ ಗಿಡ, ಬೀಜ, ತಳಿಗಳಿಗೆ ಪೇಟೆಂಟ್ ಸಿಗುವುದಿಲ್ಲ. ಇರುವುದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದರಡಿ ತಳಿ ನೋಂದಣಿ ಆಗಿದ್ದರೆ ಅವರಿಗೆ ಹಕ್ಕಿರಬಹುದು, ಆಗ ನೋಂದಣಿ ಸಂಖ್ಯೆ ಮತ್ತು ತಳಿಯ ಹೆಸರು ಕೊಡಲಿ. ಕೊಡದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇದೇ ಕಾಯ್ದೆಯಲ್ಲಿ ರೈತ ತಾನೇ ಕಾಪಾಡಿಕೊಂಡು ಬಂದ ತಳಿಯನ್ನು ತನ್ನ ಹೆಸರಿಗೆ ನೋಂದಾಯಿಸಲೂ ಅವಕಾಶ ಇದೆ, ನೆನಪಿರಲಿ.

ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡೋಣ. 450ರ ಗಿಡ ಬಿಟ್ಟುಬಿಡಿ.

120 ರೂಪಾಯಿಯ ಕಸಿ ಗಿಡ ತಗೊಳ್ಳಬಹುದು, ಆದರೆ ತಾಯಿ ಮರ ಯಾವುದು ಅಂತ ಗೊತ್ತಿರಬೇಕು. ಸಾಧ್ಯವಾದರೆ ಹಣ್ಣಿನ ಕಾಲದಲ್ಲಿ ಹೋಗಿ ಆ ಮರದ ಹಣ್ಣು ತಿಂದು ನೋಡಿ. ಲಕ್ನೋದ ಉಪೋಷ್ಣ ತೋಟಗಾರಿಕೆ ಸಂಸ್ಥೆಯ ಜಾಮ್ವಂತ್, ಮಹಾರಾಷ್ಟ್ರ ಪಾಲ್ಘರ್ ಕಡೆಯ ಬಹಾಡೋಲಿ ಇಂಥ ಹೆಸರುಗಳು ಕೇಳಿಬರುತ್ತವೆ. ಅವು ಒಳ್ಳೆಯವೇ, ಆದರೆ ನಿಮ್ಮ ಕಡೆಯ ಒಣ ಹವೆಯಲ್ಲಿ ಹೇಗೆ ಬರುತ್ತವೆ ಅಂತ ಅಕ್ಕಪಕ್ಕದ ತಾಲ್ಲೂಕಲ್ಲಿ ಬೆಳೆದವರನ್ನು ಕೇಳದೆ ಇಡೀ ಎಕರೆಗೆ ಒಂದೇ ತಳಿ ಹಾಕಬೇಡಿ. ಇನ್ನೊಂದು ಅಪಾಯ, ಕೆಲವು ಕಡೆ ಬೀಜದ ಸಸಿಗಳನ್ನೇ ಕಸಿ ಅಂತ ಕೊಡುತ್ತಾರೆ. ಕಾಂಡದ ಬುಡದ ಹತ್ತಿರ ಕಸಿಯ ಗಂಟು, ಅಲ್ಲಿ ತೊಗಟೆಯ ಬಣ್ಣ ಸ್ವಲ್ಪ ಬೇರೆ ಇರುವುದು ಕಾಣಬೇಕು. ಗಂಟಿನ ಕೆಳಗಿನಿಂದ ಬಂದ ಚಿಗುರು ಮಾತ್ರ ಉಳಿದಿದ್ದರೆ ಅದು ಬೇರುಸಸಿಯದು (ಕಸಿ ಕಟ್ಟಲು ಕೆಳಗೆ ಇಟ್ಟ ಬೀಜದ ಸಸಿ), ಬೇಡ ಅನ್ನಿ. ಕಸಿ ಗಿಡ ನಾಲ್ಕಾರು ವರ್ಷಕ್ಕೆ ಹಣ್ಣು ಕೊಡುತ್ತದೆ. ಮೋಸ ಗೊತ್ತಾಗುವುದೂ ಅಷ್ಟು ವರ್ಷ ಕಳೆದ ಮೇಲೆ, ಅದೇ ಕಷ್ಟ.

ನನ್ನನ್ನು ಕೇಳಿದರೆ, ನಿಮ್ಮ ಬಾವಿ ಪಕ್ಕದ ಮರವೇ ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ. ಆ ಮಣ್ಣು, ಆ ಬಿಸಿಲು, ಆ ಬರಗಾಲ ಎಲ್ಲ ತಡೆದುಕೊಂಡು ತಾತನ ಕಾಲದಿಂದ ದಪ್ಪ ಹಣ್ಣು ಬಿಡುತ್ತಿದೆ. ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನು ಬೇಕು? ಅದರ ಡಿಎನ್‌ಎ ಪರೀಕ್ಷೆಗೆ ಈಗ ದುಡ್ಡು ಹಾಕಬೇಡಿ. ಡಿಎನ್‌ಎ ಬೆರಳಚ್ಚಿನಿಂದ ಎರಡು ಗಿಡ ಒಂದೇ ತಳಿಯದ್ದಾ ಬೇರೆಯಾ ಅಂತ ಹೇಳಬಹುದು, ತಾಯಿ ಮರದ ಮಾದರಿ ಪಕ್ಕದಲ್ಲಿದ್ದರೆ. ಹಣ್ಣಿನ ರುಚಿ, ಔಷಧಿ ಗುಣ ಹೇಳುವಷ್ಟು ನೇರಳೆಯಲ್ಲಿ ನಾವಿನ್ನೂ ಮುಂದೆ ಹೋಗಿಲ್ಲ. ಅಂದ ಹಾಗೆ ಅಮ್ಮ ಕೊಳ್ಳುವ ಪುಡಿಗೂ ಇದೇ ಮಾತು: ಡಿಎನ್‌ಎ ಪರೀಕ್ಷೆ ಅದು ನೇರಳೆಯೇ ಹೌದಾ ಅಂತ ಹೇಳೀತು, ಬೀಜದ್ದೋ ಎಲೆಯದ್ದೋ ಹೇಳುವುದಿಲ್ಲ, ಯಾವ ರಾಸಾಯನಿಕ ಎಷ್ಟಿದೆ ಅಂತಲೂ ಹೇಳುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಇದೆ.

ತುಮಕೂರು ಜಿಲ್ಲೆ ಚೇಳೂರಿನ ಸಿದ್ದು ಹಲಸಿನ ಕಥೆ ನೀವೂ ಕೇಳಿರಬಹುದು. ಒಬ್ಬ ರೈತರ ತೋಟದ ಒಂದು ಮರ, ತೊಳೆ ತಾಮ್ರಗೆಂಪು. ಹಿರೇಹಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದವರು ಅದರ ಹಣ್ಣಿನ ಗುಣ ಅಳೆದು ನೋಡಿದರು, ಕಸಿ ಮಾಡಿ ಕೊಟ್ಟರು, ಆ ಕುಟುಂಬಕ್ಕೆ ಗಿಡ ಮಾರಾಟದಿಂದಲೇ ಒಳ್ಳೆಯ ಆದಾಯ ಬಂತು. ನಿಮ್ಮ ಮರಕ್ಕೂ ಹಾಗೇ ಆಗುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಈ ಸಲದ ಹಣ್ಣಿನ ಕಾಲದಲ್ಲಿ ಒಂದು ಕೆಲಸ ಮಾಡಿ. ಬೇರೆ ಬೇರೆ ಕೊಂಬೆಯಿಂದ ಹಣ್ಣು ಕಿತ್ತು ತೂಕ ಮಾಡಿ, ಬೀಜ ತೆಗೆದು ಬೀಜದ ತೂಕ ಮಾಡಿ, ತಿರುಳು ಎಷ್ಟು ಅಂತ ಬರೆದಿಡಿ. ಕಿತ್ತ ಹಣ್ಣು ಎಷ್ಟು ದಿನ ಕೆಡದೆ ಇರುತ್ತದೆ, ಮಳೆ ಬಿದ್ದರೆ ಸೀಳುತ್ತದೆಯೇ ಅದನ್ನೂ ಬರೆಯಿರಿ. ನೇರಳೆಯ ವ್ಯಾಪಾರ ಸೋಲುವುದು ಬಹಳ ಸಲ ಇಲ್ಲೇ: ಕಿತ್ತ ಮೇಲೆ ಅದು ಮಾಗುವುದಿಲ್ಲ, ಮಾಗಿದ್ದು ಎರಡು ಮೂರು ದಿನ ನಿಲ್ಲುವುದಿಲ್ಲ, ಚಿಂತಾಮಣಿಯಿಂದ ಬೆಂಗಳೂರಿಗೆ ಬೆಳಗಿನ ಜಾವ ತಲುಪಲೇಬೇಕು. ಈ ಲೆಕ್ಕ ಹಿಡಿದುಕೊಂಡು ಹೋದರೆ ಹಿರೇಹಳ್ಳಿ ಕೇಂದ್ರದವರಾಗಲಿ ತೋಟಗಾರಿಕೆ ಇಲಾಖೆಯವರಾಗಲಿ ನಿಮ್ಮ ಜೊತೆ ಕೂತು ಮಾತಾಡುವುದಕ್ಕೆ ಏನಾದರೂ ಸಿಗುತ್ತದೆ.

ಕಸಿಗೆ ಬೇರುಸಸಿ ನೀವೇ ಬೆಳೆಸಿಕೊಳ್ಳಬಹುದು. ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಇಡಬೇಡಿ, ನೇರಳೆ ಬೀಜ ಒಣಗಿದರೆ ಸತ್ತ ಹಾಗೆ, ಎರಡು ವಾರದಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ಹಣ್ಣು ತಿಂದ ಎರಡು ಮೂರು ದಿನದೊಳಗೆ ಬೀಜ ತೊಳೆದು ಪಾಲಿಥಿನ್ ಚೀಲಕ್ಕೆ ಹಾಕಿ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬಂದರೆ ಗಾಬರಿ ಬೇಡ, ನೇರಳೆಯ ಸ್ವಭಾವ ಅದು. ಗಟ್ಟಿಮುಟ್ಟಾದ ಒಂದನ್ನು ಉಳಿಸಿ ಮಿಕ್ಕದ್ದು ತೆಗೆಯಿರಿ. ಮುಂದಿನ ವರ್ಷದ ಹೊತ್ತಿಗೆ ಕಾಂಡ ಪೆನ್ಸಿಲ್ ದಪ್ಪ ಆಗಿರುತ್ತದೆ. ಆಗ ಬಾವಿ ಪಕ್ಕದ ಮರದಲ್ಲಿ, ಚೆನ್ನಾಗಿ ಹಣ್ಣು ಬಿಟ್ಟ ಕೊಂಬೆಯ ಕಡ್ಡಿ ಆರಿಸಿ, ವಾರ ಹತ್ತು ದಿನ ಮುಂಚೆ ಅದರ ಎಲೆಗಳನ್ನು ತೊಟ್ಟು ಉಳಿಸಿ ಸವರಿ ಬಿಡಿ, ಮೊಗ್ಗು ಉಬ್ಬಿದ ಮೇಲೆ ಕಡ್ಡಿ ಕತ್ತರಿಸಿ ಕಸಿ ಕಟ್ಟಿಸಿ. ಕೈ ಪಳಗಿದವರು ಇಲ್ಲದಿದ್ದರೆ ಮೊದಲ ಸಲ ಸುಮಾರು ಹೋಗುತ್ತವೆ, ಹಾಗಾಗಿ ಬೇಕಾದ್ದಕ್ಕಿಂತ ಎರಡರಷ್ಟು ಬೀಜ ಹಾಕಿಕೊಳ್ಳಿ. ಅಷ್ಟರಲ್ಲಿ ಈ ಮಳೆಗಾಲಕ್ಕೆ ಅರ್ಧ ಎಕರೆಗೆ ತಾಯಿ ಮರ ಗೊತ್ತಿರುವ ಕಸಿ ಗಿಡ ಹಾಕಿ, ಮಿಕ್ಕ ಅರ್ಧವನ್ನು ನಿಮ್ಮ ಮರದ ಕಸಿಗೆ ಖಾಲಿ ಬಿಡಿ. ಮೊದಲ ಮೂರು ನಾಲ್ಕು ವರ್ಷ ಸಾಲುಗಳ ನಡುವೆ ಅಲಸಂದೆ, ಹುರುಳಿ ಹಾಕಿದರೆ ಜಾಗ ದಂಡವಾಗುವುದಿಲ್ಲ.